ಕಿವಿಯಣ್ಣ ಮುಚ್ಚಿದ ತೂತು

ನಮ್ಮ ಕುರ್ಚಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದೆವು. ಕಿವಿ ದೊಡ್ಡದೇನಲ್ಲ, ಚುರುಕು. ಗಾಳಿಯ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅದರ ಸುಯ್ ಎನ್ನುವ ಸದ್ದನ್ನು ದೂರದಿಂದಲೇ ಹಿಡಿಯುತ್ತಿದ್ದ. ಮನೆಯಲ್ಲಿ ಹೆಂಡತಿ ಕೂಗಿದರೆ ಮಾತ್ರ ಕೇಳಿಸುತ್ತಿರಲಿಲ್ಲ, ಆ ಮಾತು ಬೇರೆ.

ಕರೆಂಟ್ ಬಿಲ್ ನೋಡಿ ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತ ವರ್ಷ ಅವನ ಕಿವಿಗೆ ಬೆಲೆ ಬಂತು. ಅಚ್ಚು ಒತ್ತಲು, ಧೂಳು ಹಾರಿಸಲು, ಬಣ್ಣದ ಪುಡಿ ಎರಚಲು ನಮಗೆ ಪೈಪಿನ ಗಾಳಿಯೇ ಬೇಕು. ಅದನ್ನು ಒತ್ತಿ ತುಂಬುವ ಕಂಪ್ರೆಸರ್ ಕರೆಂಟ್ ತಿನ್ನುವುದರಲ್ಲಿ ಬಕಾಸುರ. ಎಲ್ಲಾದರೂ ಗಾಳಿ ಸೋರಿದರೆ ಅದು ಬಿಡುವಿಲ್ಲದೆ ಓಡಬೇಕು.

"ಮೊದ್ಲು ಸೋರಿಕೆ ನಿಲ್ಸು, ಉಳಿದಿದ್ದು ಆಮೇಲೆ ನೋಡೋಣ" ಎಂದರು ಮ್ಯಾನೇಜರ್.

ಊಟದ ಹೊತ್ತಿಗೆ ಯಂತ್ರಗಳು ನಿಂತು, ನಾವೆಲ್ಲ ಡಬ್ಬಿ ಬಿಚ್ಚಿ ಕೂತಾಗ ಅವನು ಪೈಪುಗಳ ಜೊತೆ ಒಬ್ಬನೇ ನಡೆಯುತ್ತಿದ್ದ. ಸದ್ದು ಕೇಳಿದಲ್ಲಿ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ರಬ್ಬರ್ ಸುತ್ತಿ ಕ್ಲಿಪ್ ಬಿಗಿಯುತ್ತಿದ್ದ. ಬಿಲ್ ಇಳಿಯಿತು. ಮ್ಯಾನೇಜರ್ ಎಲ್ಲರೆದುರು ಅವನ ಬೆನ್ನು ತಟ್ಟಿದರು. ನಾವು ಚಪ್ಪಾಳೆ ಹೊಡೆದೆವು, ಅವನ ಅಕ್ಕನಂತೂ ಎಲ್ಲರಿಗಿಂತ ಜೋರಾಗಿ ಹೊಡೆದಳು.

ಅಕ್ಕ ನಮ್ಮಲ್ಲೇ ಬಣ್ಣದ ಒಲೆಯ ಬಾಯಲ್ಲಿ ಕೆಲಸ ಮಾಡುತ್ತಿದ್ದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳು; ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಬಣ್ಣದ ಪುಡಿ ಕಾದು ಕಚ್ಚಿಕೊಂಡು ಒಲೆಯಿಂದ ಹೊರಬರುವ ಕುರ್ಚಿಗಳನ್ನು ಕೊಕ್ಕೆಯಿಂದ ಇಳಿಸುವುದು ಅವಳ ಕೆಲಸ. ದಿನವಿಡೀ ಕುರ್ಚಿ ಇಳಿಸುವವಳಿಗೆ ಕೂರಲು ಒಂದು ಕುರ್ಚಿ ಕೊಟ್ಟಿರಲಿಲ್ಲ. ನಮ್ಮ ಕಾರ್ಖಾನೆಯ ಬುದ್ಧಿಯೇ ಅಂಥದ್ದು, ಬಿಡಿ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅಕ್ಕ ತಲೆ ಸುತ್ತಿ ಬಿದ್ದಳು. ಬೀಳುವಾಗ ಆಸರೆಗೆಂದು ಹಿಡಿದದ್ದು ಒಲೆಯ ಕಾದ ಅಂಚನ್ನು. ಬಲಗೈ ಸುಟ್ಟುಹೋಯಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಕಿವಿಯಣ್ಣ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನೋಡಿದ. ಮುಖಕ್ಕೆ ರಾಚುವ ಝಳ. ಪಕ್ಕದ ಪ್ಲಾಸ್ಟಿಕ್ ಪೈಪಿನ ಮೇಲೆ, ಸರಿಯಾಗಿ ಅವಳ ಕತ್ತಿನ ಮಟ್ಟಕ್ಕೆ, ಅವನೇ ಬಿಗಿದ ಕ್ಲಿಪ್. ಬಿಚ್ಚಿದ. ಅದು ಸವೆದು ಬಿದ್ದ ತೂತಾಗಿರಲಿಲ್ಲ; ಕಾದ ಸೂಜಿಯಿಂದ ದುಂಡಗೆ ಚುಚ್ಚಿ ಮಾಡಿದ್ದು. ತಣ್ಣನೆಯ ಗಾಳಿ ಬಂದು ಕತ್ತಿಗೆ ಬಡಿಯಿತು. ಅವನು ಮತ್ತೆ ಆಸ್ಪತ್ರೆಗೆ ಓಡಿದ.

"ಯಾಕಕ್ಕಾ, ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಅಕ್ಕನ ಮುಂದೆ ಅತ್ತ.

"ಏನಂತ ಹೇಳ್ಲೋ? ಎಲ್ರೂ ನಿನ್ನ ಹೊಗಳ್ತಿದ್ರು. ಪೈಪಿಗೆ ತೂತು ಹಾಕಿದ್ದೇ ನಿಮ್ಮಕ್ಕ ಅಂತ ಗೊತ್ತಾಗಿದ್ರೆ ನಿನ್ನ ಮರ್ಯಾದೆ ಏನಾಗ್ತಿತ್ತು?"

"ನನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!"

"ಬೆಂಕಿ ಮಾತು ಬೇಡ ಕಣೋ. ಅದರ ಸಹವಾಸ ಸಾಕಾಗಿದೆ ನಂಗೆ" ಎಂದು ಅಕ್ಕ ನಕ್ಕಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಒಲೆಯ ಹತ್ತಿರ ಒಂದು ಫ್ಯಾನ್ ಬೇಕೆಂದು ಮ್ಯಾನೇಜರನ್ನು ಕೇಳಿದ. ಅವರು ಮುಖ ಗಂಟಿಕ್ಕಿದರು.

"ಮತ್ತೆ ಕರೆಂಟ್ ಖರ್ಚಾ?"

"ಅಲ್ಲಿ ನಾನು ಮುಚ್ಚಿದ ತೂತು ತಿಂತಿದ್ದ ಕರೆಂಟಲ್ಲಿ ನಾಲ್ಕೈದು ಫ್ಯಾನ್ ತಿರುಗ್ತವೆ ಸಾರ್."

ಅವರು ಕೂಡಲೇ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವನನ್ನು ಇಂದಿಗೂ ಕೊರೆಯುತ್ತಿದೆ. ಕ್ಲಿಪ್ ಬಿಗಿದ ದಿನವೂ ಈ ಲೆಕ್ಕ ಅವನಿಗೆ ಗೊತ್ತಿತ್ತು. ಅಲ್ಲಿ ನಿಲ್ಲುವವಳು ಅಕ್ಕ ಎಂದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ, ಅಷ್ಟೇ.

ಗಾಯವೇನೋ ಮಾಗಿತು, ಬೆರಳುಗಳು ಮಾತ್ರ ಮಡಚಲು ಬರಲಿಲ್ಲ. ಅಕ್ಕ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಬಂದ ಹೊಸ ಹೆಂಗಸು ಮೊದಲ ವಾರವೇ ಅವನನ್ನು ಕೂಗಿ ನಿಲ್ಲಿಸಿದಳು.

"ಅಣ್ಣಾ, ಈ ಫ್ಯಾನ್ ಹಾಕ್ಸಿದ್ದು ನೀವಂತೆ! ಎಷ್ಟು ಹಾಯಾಗಿದೆ ಗೊತ್ತಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ."

"ನಮ್ಮಕ್ಕಂಗೆ ಹಾಕ್ಸಬೇಕಾಗಿತ್ತು ಕಣಮ್ಮ" ಎಂದ ಕಿವಿಯಣ್ಣ.

"ಅದಕ್ಕೇನಣ್ಣಾ, ಅವ್ರಿಗೂ ಒಂದು ಹಾಕ್ಸಿಕೊಡಿ" ಎಂದು ನಕ್ಕು, ಅವಳು ಕುರ್ಚಿ ಇಳಿಸತೊಡಗಿದಳು.