ಕಲ್ಲನ್ನು ಬಳಸಿ ಹೋದ ಮೋರಿ

ಪಾಂಡವಪುರದ ಹೊರಮಗ್ಗುಲಲ್ಲಿ, ದಿಬ್ಬದ ಕೆಳಗೆ, ದ್ಯಾವಮ್ಮನ ಮನೆ ಮತ್ತು ಹಿತ್ತಲು. ದಿಬ್ಬದ ಮೇಲೆ ಮೊದಲು ಹುರುಳಿ ಬಿತ್ತುತ್ತಿದ್ದರು. ಎಂಥ ಮಳೆ ಬಿದ್ದರೂ ಅರ್ಧವನ್ನು ಆ ನೆಲವೇ ಕುಡಿದುಬಿಡುತ್ತಿತ್ತು. ಈಗ ಅಲ್ಲಿ ಹೊಸ ಬಡಾವಣೆ. ತಾರಸಿ, ಸಿಮೆಂಟಿನ ಅಂಗಳ, ಟಾರು ರಸ್ತೆ. ನೀರು ಕುಡಿಯುವ ನೆಲವೇ ಇಲ್ಲದೆ ಎಲ್ಲ ಸೀದಾ ಕೆಳಬೀದಿಗೆ ನುಗ್ಗುತ್ತಿತ್ತು. ಹೋದ ವರ್ಷ ಪಾರ್ವತಮ್ಮನ ಮನೆಯೊಳಗೆ ಮಂಡಿಯುದ್ದ ನೀರು ನಿಂತು, ರಾಗಿ ಮೂಟೆ ಮೊಳೆತುಹೋಗಿತ್ತು.

ಒಂದು ಬೆಳಿಗ್ಗೆ ಮೆಂಬರು ನಾಗರಾಜು ಕೆಳಬೀದಿಯವರನ್ನೆಲ್ಲ ಕರೆದುಕೊಂಡು ದ್ಯಾವಮ್ಮನ ಜಗಲಿಗೆ ಬಂದ.

"ನೋಡು ದೊಡ್ಡವ್ವ, ಬಡಾವಣೆಯೋರು ಮೋರಿಗೆ ಅಂತ ದುಡ್ಡು ಕಟ್ಟವ್ರೆ. ಆ ದುಡ್ಡಲ್ಲಿ ನಿನ್ ಹಿತ್ಲು ಮ್ಯಾಲೆ ನೆಟ್ಟಗೆ ತಕ್ಕೊಂಡೋದ್ರೆ ಹಳ್ಳ ಮುಟ್ತದೆ. ರಸ್ತೆ ಬಳಸ್ಕೊಂಡೋದ್ರೆ ದುಡ್ಡು ಅರ್ಧಕ್ಕೇ ಮುಗಿದೋಯ್ತದೆ. ಮಿಕ್ಕಿದ್ ಖರ್ಚನ್ನ ಈ ಬೀದಿ ಮನೆಗಳ ಮ್ಯಾಲೇ ಹಾಕ್ಬೇಕಾಯ್ತದೆ."

"ಅವ್ರ ತಾರಸಿ ನೀರು ಸಾಗಾಕಾಕೆ ನಾವು ಕೂಲಿ ಕೊಡ್ಬೇಕಾ ನಾಗ್ರಾಜಪ್ಪ?" ಎಂದಳು ಪಾರ್ವತಮ್ಮ.

"ಮಳೆರಾಯನ್ನ ಕೇಳ್ಕೊಳಕ್ಕ, ಅಲ್ಲೇ ಮ್ಯಾಲೇ ಸುರ್ಕೊಂಡೋಗು ಅಂತ."

ಎಲ್ಲರೂ ನಕ್ಕರು. ಪಾರ್ವತಮ್ಮ ಮಾತ್ರ ನಗದೆ ದ್ಯಾವಮ್ಮನ ಕೈ ಹಿಡಿದುಕೊಂಡಳು. "ಒಂದು ಪಟ್ಟಿ ಜಾಗ ಬುಟ್ಕೊಡಕ್ಕಯ್ಯ. ಇನ್ನೊಂದು ಮಳೆ ತಡ್ಕಳಾಕಿಲ್ಲ ನನ್ ಗ್ವಾಡೆ."

ದ್ಯಾವಮ್ಮ ಕೇಳಿದ್ದು ಒಂದೇ ಮಾತು. "ಹುಲ್ಲಿನ ಜಾಗ ಬುಟ್ಟು ಓಯ್ತದಾ?"

"ಅದ್ರ ತಂಟೆಗೇ ಬರಾಕಿಲ್ಲ ಕಣವ್ವೋ" ಎಂದ ನಾಗರಾಜು. ಅವಳು ಒಪ್ಪಿಕೊಂಡಳು.

ಹಿತ್ತಲಿನಲ್ಲಿ ಗಂಡ ಚಲುವಯ್ಯನ ಸಮಾಧಿ ಇತ್ತು. ಮಗ ಲೋಕೇಶ್ ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸಿದ್ದ. ಅದರಾಚೆ ಒಂದು ಚಾಪೆಯಗಲ ಹುಲ್ಲು. ಅಲ್ಲಿಗೆ ಅವಳು ಯಾವತ್ತೂ ನೇಗಿಲು ಬಿಟ್ಟವಳಲ್ಲ. ದಿನಾ ಕುಡುಗೋಲು ಹಿಡಿದು ಹೋಗಿ, ಕೊಯ್ಯುವುದು ಮುಗಿದ ಮೇಲೂ ಕೂತಿರುತ್ತಿದ್ದಳು. ಆ ಹುಲ್ಲಿನ ಕೆಳಗೆ ಅವಳ ಮೊದಲ ಮಗಳು ಪುಟ್ಟತಾಯಿ ಇದ್ದಳು. ಮೂರು ವರ್ಷದ ಮಗು, ಜ್ವರ ಬಂದು ಹೋದದ್ದು. ಎಳೆಮಕ್ಕಳಿಗೆ ಕಲ್ಲು ನೆಡುವುದಿಲ್ಲ. ನಾಯಿನರಿ ಕೆದಕದಂತೆ ಒಂದು ಮುಳ್ಳಿನ ಕೊಂಬೆ ಎಳೆದು ಬಂದರೆ ಆಯಿತು, ಮರೆಯಬೇಕು. ಆಮೇಲೆ ಹುಟ್ಟಿದ ಲೋಕೇಶನಿಗೆ ಅಕ್ಕ ಒಬ್ಬಳಿದ್ದಳೆಂದು ಗೊತ್ತಿತ್ತು, ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಗೊತ್ತಿದ್ದ ಇನ್ನೊಬ್ಬ, ಚಲುವಯ್ಯ, ಕಲ್ಲಿನ ಕೆಳಗೆ ಮಲಗಿದ್ದ.

ಅಳೆಯುವವರು ಬಂದರು. ಸುಣ್ಣದ ಗೆರೆ ನೆಟ್ಟಗೆ ಬಂದು ಚಲುವಯ್ಯನ ಕಲ್ಲಿಗೆ ತಾಕಿತು. ಅಳೆಯುವ ಹುಡುಗ ಒಳ್ಳೆಯವನು. ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದ. "ಹಿರಿಯರ ಸಮಾಧಿ ಮೇಲೆ ಬೇಡ. ಸ್ವಲ್ಪ ಆಚೆ ತಿರುಗಿಸೋಣ" ಎಂದ. ಗೆರೆ ಕಲ್ಲನ್ನು ಬಳಸಿ ಹುಲ್ಲಿನ ನಟ್ಟನಡುವೆ ಹಾದುಹೋಯಿತು.

"ಅಪ್ಪನ್ನ ಮುಟ್ಲಿಲ್ಲ ಕಣವ್ವ" ಎಂದ ಲೋಕೇಶ್, ಸಮಾಧಾನದಿಂದ.

ದ್ಯಾವಮ್ಮ ಬಾಯಿ ತೆರೆದಳು. ಬರೀ ಹುಲ್ಲು ಉಳಿಸಿ ಎಂದರೆ ಯಾಕೆಂದು ಕೇಳುತ್ತಾರೆ. ಅವಳ ತೋಳಿಗೆ ಆತುಕೊಂಡು ಸೊಸೆ ಪವಿತ್ರ ನಿಂತಿದ್ದಳು. ಎರಡು ಸಲ ಬಸಿರು ನಿಲ್ಲದೆ ಹೋಗಿ, ಈಗ ಐದು ತಿಂಗಳು ತುಂಬಿತ್ತು. ರಾತ್ರಿ ನಾಯಿ ಊಳಿಟ್ಟರೂ ಎದ್ದು ಕೂರುವ ಹುಡುಗಿ. ಬಸುರಿಯ ಮುಂದೆ ಮಗುವಿನ ಗುಣಿಯ ಮಾತು ಎತ್ತುವುದುಂಟೇ? ಸೊಸೆ ದಿನಾ ಬಟ್ಟೆ ಒಣಹಾಕುವುದೂ ಆ ಹುಲ್ಲಿನ ಪಕ್ಕದಲ್ಲೇ.

"ಏನತ್ತೆ?" ಎಂದಳು ಪವಿತ್ರ.

"ಏನಿಲ್ಲ ಕಣವ್ವ. ಹುಲ್ಲು ಹೋಯ್ತಲ್ಲ ಅಂತ."

ಸೊಸೆ ಆಸ್ಪತ್ರೆಗೆ ಹೋದಾಗ ಮಗನನ್ನು ಒಬ್ಬನೇ ಕೂರಿಸಿಕೊಂಡು ಹೇಳೋಣ ಎಂದುಕೊಂಡಳು. ಜೆಸಿಬಿ ಮಾರನೆಯ ಬೆಳಿಗ್ಗೆಯೇ ಬಂತು.

ಅಗೆದ ಮಣ್ಣನ್ನು ಟ್ರಾಕ್ಟರಿಗೆ ತುಂಬುತ್ತಿದ್ದರು.

"ಎಲ್ಲಿಗಪ್ಪ ಇದು?"

"ಮ್ಯಾಲಕ್ಕೆ ಕಣಜ್ಜಿ. ಬಡಾವಣೇಲಿ ಒಂದು ಸೈಟು ತಗ್ಗಾಗದೆ, ಮಟ್ಟ ಮಾಡಾಕೆ."

"ಒಂದು ಮಂಕರಿ ನಂಗೆ ಸುರಿ."

"ಯಾಕಜ್ಜಿ, ಚಿನ್ನದ ಕೊಪ್ಪರಿಗೆ ಹೂತಿಟ್ಟಿದ್ಯಾ?" ಡ್ರೈವರು ನಗುತ್ತಲೇ ಮಂಕರಿ ತುಂಬಿಕೊಟ್ಟ. ಅದನ್ನು ಸೊಂಟದ ಮೇಲೆ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ, ಚಲುವಯ್ಯನ ಕಲ್ಲಿನ ಮಗ್ಗುಲಿಗೆ ಮೆಲ್ಲಗೆ ಸುರಿದಳು. ಅದರಲ್ಲಿ ಪುಟ್ಟತಾಯಿ ಎಷ್ಟು ಇದ್ದಳೋ, ಇದ್ದಳೋ ಇಲ್ಲವೋ. ಟ್ರಾಕ್ಟರು ಮಿಕ್ಕಿದ್ದನ್ನು ದಿಬ್ಬ ಹತ್ತಿಸಿತು.

ಮೋರಿ ಮುಗಿದ ಮೇಲೆ ಮೊದಲ ಮಳೆ ಸಂಜೆ ಹೊತ್ತಿಗೆ ಹಿಡಿಯಿತು. ಬಡಾವಣೆಯ ನೀರೆಲ್ಲ ಮೋರಿಯೊಳಗೆ ಭೋರೆಂದು ಇಳಿಯಿತು. ಪುಟ್ಟತಾಯಿಗೆ ನಾಲೆ ನೀರಿನ ಸದ್ದೆಂದರೆ ಆಗುತ್ತಿರಲಿಲ್ಲ. ಸೆರಗಿನೊಳಗೆ ತಲೆ ತೂರಿಸಿಬಿಡುತ್ತಿದ್ದಳು.

ಪಾರ್ವತಮ್ಮ ನೆನೆದುಕೊಂಡೇ ಓಡಿಬಂದಳು. "ಅಕ್ಕಯ್ಯ, ಒಂದು ತೊಟ್ಟು ಬರ್ಲಿಲ್ಲ ಕಣೆ ಒಳೀಕೆ! ನಿನ್ನ ಹೊಟ್ಟೆ ತಣ್ಣಗಿರ್ಲಿ!"

ದ್ಯಾವಮ್ಮ ತಲೆಯಾಡಿಸಿ, ಮೂಲೆಯಲ್ಲಿದ್ದ ಗೋಣಿಚೀಲ ತೆಗೆದುಕೊಂಡು ಹಿತ್ತಲಿಗೆ ಹೋದಳು. ಕಲ್ಲಿನ ಪಕ್ಕದ ಗುಡ್ಡೆ ಆಗಲೇ ಕರಗಿ, ಕೆಂಪಗೆ ಮೋರಿಯ ಕಡೆಗೆ ಹರಿಯುತ್ತಿತ್ತು. ಚೀಲ ಹೊದಿಸಿ, ಅದರ ಮೇಲೆ ಎರಡೂ ಕೈ ಊರಿ ಕೂತಳು.

"ಅತ್ತೆ! ಏನ್ಮಾಡ್ತಿದ್ದೀರ ಮಳೇಲಿ?" ಪವಿತ್ರ ಜಾರುವ ಕೆಸರಿನಲ್ಲಿ ಕಾಲಿಟ್ಟು ಬರುತ್ತಿದ್ದಳು.

"ಬರ್ಬ್ಯಾಡ, ಅಲ್ಲೇ ನಿಂತ್ಕೊ! ಮಣ್ಣು ಕೊಚ್ಕೊಂಡು ಓಯ್ತದೆ ಕಣವ್ವ, ಅದ್ಕೇ."

"ಮಣ್ಣು ತಾನೆ ಅತ್ತೆ? ಹೋದ್ರೆ ಹೋಗ್ಲಿ ಬನ್ನಿ." ಇನ್ನೊಂದು ಹೆಜ್ಜೆ ಮುಂದಿಟ್ಟವಳ ಕಾಲು ಜಾರಿತು.

ದ್ಯಾವಮ್ಮ ಚೀಲ ಬಿಟ್ಟು ಎದ್ದು ಓಡಿ ಅವಳ ತೋಳು ಹಿಡಿದುಕೊಂಡಳು.

"ಹೂಂ ಕಣವ್ವ" ಎಂದಳು. "ಮಣ್ಣೇ. ನೋಡ್ಕೊಂಡು ಕಾಲಿಡು."

ಸೊಸೆಯನ್ನು ಹಿಡಿದುಕೊಂಡು ಒಳಗೆ ನಡೆದಳು. ತಿರುಗಿ ನೋಡಲಿಲ್ಲ.