ಖಾಲಿ ಪಾತ್ರೆ ವಾಪಸ್ ಕೊಟ್ಟವಳು

ಕಳೆದ ಗುರುವಾರ ಹರಪನಹಳ್ಳಿಯಲ್ಲಿ ಮಿಕ್ಸಿಯ ಮೋಟಾರ್ ರಿಪೇರಿ ಮಾಡಿಸಿಕೊಂಡು ಬಂದೆ. ಮನೆಯಲ್ಲಿ ಸ್ವಿಚ್ ಹಾಕಿದೊಡನೆ ತಂತಿಗೆ ಬಳಿದ ಹೊಸ ವಾರ್ನಿಷ್ ಬಿಸಿಯಾಗುವ ವಾಸನೆ ಅಡಿಗೆಮನೆ ತುಂಬಿತು. ಸ್ವಿಚ್ ಆರಿಸಿಬಿಟ್ಟೆ. ಚಟ್ನಿ ಅರ್ಧಕ್ಕೇ ನಿಂತಿತು. ಆ ವಾಸನೆ ಕೊಟ್ಟೂರಿನ ವೈಂಡಿಂಗ್ ಕಾಕಾ ಅವರದು. ಅವರ ಅಂಗಿ, ಅವರ ನೋಟ್ ಪುಸ್ತಕ, ಅವರು ಎದ್ದುಹೋದ ಮೇಲೆ ಕುರ್ಚಿ ಕೂಡ ಹಾಗೇ ನಾತ ಹೊಡೆಯುತ್ತಿತ್ತು...

2007ರಲ್ಲಿ ನಾನು ಕೊಟ್ಟೂರಿನಲ್ಲಿ ಡಿಗ್ರಿ ಓದುತ್ತ, ಮಧ್ಯಾಹ್ನದ ಮೇಲೆ ಅಣ್ಣನ ಸೈಬರ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ಎದುರಿಗೇ ಕಾಕಾ ಅವರ ಅಂಗಡಿ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಕೆಲಸ. ಹಳೆಯ ತಂತಿ ಎಷ್ಟು ಸುತ್ತು ಇತ್ತು, ಎಷ್ಟು ದಪ್ಪ ಇತ್ತು ಎಂದು ಬಿಚ್ಚುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಬೇಕು. ಅದು ತಪ್ಪಿದರೆ ಮೋಟಾರ್ ಮತ್ತೆ ಸುಡುತ್ತದೆ. ಇಪ್ಪತ್ತೈದು ವರ್ಷಗಳ ಎಣಿಕೆ ಅವರ ಎರಡು ನೋಟ್ ಪುಸ್ತಕಗಳಲ್ಲಿತ್ತು.

ಫೆಬ್ರವರಿ 6, ಮಂಗಳವಾರ. ಎಣ್ಣೆ ಮಿಲ್ಲಿನ ಹಳೆಯ ವಿದೇಶಿ ಮೋಟಾರೊಂದು ಅವರ ಅಂಗಡಿಗೆ ಬಂತು. ಬೇರೆ ಊರಿನ ಯಾರೋ ಅದರ ತಂತಿಯನ್ನು ಎಣಿಸದೆ ಕಿತ್ತೆಸೆದಿದ್ದರು. ಮೋಟಾರ್ ರಿಪೇರಿ ಮಾಡುವವರೇ ಪ್ರಶ್ನೆ ಕೇಳಿ ಉತ್ತರ ಕೊಡುವ ಒಂದು ಫೋರಂ ಇಂಟರ್ನೆಟ್ಟಿನಲ್ಲಿ ನನಗೆ ಸಿಕ್ಕಿತು. ಕಾಕಾ ಪರವಾಗಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಎರಡನೇ ದಿನ ಯಾವುದೋ ದೇಶದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸುತ್ತು, ದಪ್ಪ ಎರಡನ್ನೂ ಬರೆದರು. ಮಿಲ್ಲು ನಡೆಯಿತು.

11ನೇ ತಾರೀಖು ಕಾಕಾ ಒಗೆದ ಅಂಗಿ ತೊಟ್ಟು, ನೋಟ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು.

“ಆ ಯಜಮಾನ್ರಿಗೆ ಬರಿಯವ್ವಾ.”

“ಥ್ಯಾಂಕ್ಸ್ ಅಂತ ಹಾಕ್ಲೇನ್ರಿ ಕಾಕಾ?”

“ಬರೇ ಥ್ಯಾಂಕ್ಸಾ? ಪಕ್ಕದ ಮನಿಯಾಕಿ ಪಾತ್ರಿ ತುಂಬ ಸಾರು ಕೊಟ್ರ, ನಿಮ್ಮವ್ವ ತೊಳದು ಖಾಲಿ ಪಾತ್ರಿ ಕಳಸ್ತಾಳೇನು? ಒಂದು ಹಿಡಿ ಸಕ್ಕರಿನಾರ ಹಾಕ್ತಾಳಿಲ್ಲೋ?”

ಅವರು ಹೇಳುತ್ತ ಹೋದರು, ನಾನು ಮೊದಲು ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮೋಟಾರ್ ಎಷ್ಟು ತಾಸು ಓಡಿತು, ಅದರ ಮೇಲಿಟ್ಟ ಅಂಗೈ ಹತ್ತು ಎಣಿಸುವ ತನಕ ಬಿಸಿ ಹೇಗೆ ತಡೆಯಿತು, ಆ ಯಜಮಾನರ ಮನೆಯವರಿಗೆಲ್ಲ ಶರಣು. ಕೊನೆಗೆ ಸಕ್ಕರೆ: ತಮ್ಮ ಪುಸ್ತಕದಿಂದ ಬೇರೊಂದು ಮೋಟಾರಿನ ಎಣಿಕೆ, ಯಾರಿಗಾದರೂ ಬೇಕಾದೀತೆಂದು. ಇಂಗ್ಲಿಷ್ ಮಾಡಿ ಹಾಕುವಷ್ಟರಲ್ಲಿ ಒಂದು ತಾಸಾಯಿತು.

ಆಗಸ್ಟ್ ಮಧ್ಯದ ತನಕದ ಲೆಕ್ಕ ನನ್ನ ಡೈರಿಯಲ್ಲಿದೆ. ಕೇಳಿದ ಪ್ರಶ್ನೆ 17, ಬಂದ ಉತ್ತರ 15, ಕಾಕಾ ಬರೆಸಿದ ಮರುಮಾತು 15. ಅವುಗಳಲ್ಲಿ ನಾನು ಪೂರ್ತಿ ಹಾಕಿದ್ದು 4. ಉಳಿದ 11ಕ್ಕೆ ಡೈರಿಯಲ್ಲಿ ಅವರ ಮಾತನ್ನೆಲ್ಲ ಬರೆದುಕೊಂಡು, ಫೋರಂನಲ್ಲಿ ಮಾತ್ರ ‘ಥ್ಯಾಂಕ್ ಯೂ ಸರ್, ಮೋಟಾರ್ ರನ್ನಿಂಗ್’ ಎಂದಷ್ಟೇ ಒತ್ತಿದೆ. ಪರೀಕ್ಷೆಯ ಫಲಿತಾಂಶದ ದಿನಗಳು, ಬಾಗಿಲ ತನಕ ಹುಡುಗರ ಸಾಲು... ಇದು ನೆವ. ನನಗೆ ಬೇಸರ ಬಂದಿತ್ತು, ಅಷ್ಟೇ.

ಕಾಕಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಸಾಲು ಎಷ್ಟುದ್ದ ಎಂದು ಕಾಣುತ್ತಿತ್ತು.

“ಇಷ್ಟ ಆತೇನು? ನಾ ಅಷ್ಟುದ್ದ ಹೇಳಿದ್ನಲ್ಲಾ?”

“ಇಂಗ್ಲಿಷ್‌ನ್ಯಾಗ ಎಲ್ಲಾ ಸಣ್ಣದಾಗತೈತ್ರಿ ಕಾಕಾ.”

“ಭಾಳ ಜಿಪುಣ ಭಾಷಿ ಬಿಡವ್ವಾ. ನಮ್ಮ ಮಿಲ್ಲಿನ ಸಾವ್ಕಾರನ ಕಂಡಂಗಾತು.”

ಇಬ್ಬರೂ ನಕ್ಕೆವು. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಫೋರಂ ನಡೆಸುವವನು ಮೂರು ಸಲ ಎಚ್ಚರಿಕೆ ಕಳಿಸಿದ. ಬರೀ ಧನ್ಯವಾದ ಹಾಕಬೇಡಿ, ಹಾಕಿದಾಗಲೆಲ್ಲ ಮುಗಿದ ಪ್ರಶ್ನೆ ಮತ್ತೆ ಮೇಲಕ್ಕೆ ಬಂದು ಹೊಸ ಪ್ರಶ್ನೆ ಕೆಳಗೆ ಹೋಗುತ್ತದೆ ಎಂದು. ಮೂರರ ತಾರೀಖನ್ನೂ ಬರೆದಿಟ್ಟುಕೊಂಡೆ. ಮೊದಲ ಸಾಲಿಗಿಂತ ಮುಂದೆ ಓದಲಿಲ್ಲ, ಕಾಕಾಗೂ ಹೇಳಲಿಲ್ಲ. ಆಗಸ್ಟ್ 21ಕ್ಕೆ ಫೋರಂನಲ್ಲಿದ್ದ ನಮ್ಮ ಖಾತೆ ಮುಚ್ಚಿದರು.

24ಕ್ಕೆ ತೆಲಿಗಿಯಿಂದ ಕುಡಿಯುವ ನೀರಿನ ಬೋರಿನ ಮೋಟಾರ್ ಬಂತು. ಅದಕ್ಕೂ ಎಣಿಕೆ ಇರಲಿಲ್ಲ. ತಂದವನು ಕಾಕಾ ಹಿಂದೆಯೇ ಸೆಂಟರಿಗೆ ಬಂದು ನಿಂತ.

“ಊರಾಗ ಕೊಡ ಸಾಲು ಹಚ್ಚ್ಯಾರ ನೋಡ್ರಿ. ಮೋಟಾರ್ ಸುಟ್ಟಾಂವ ನಾನ ಅನ್ನೋಹಂಗ ಬೈಯಾಕತ್ಯಾರ ಹೆಂಗಸ್ರು.”

ಕಾಕಾ ನನ್ನತ್ತ ತಿರುಗಿದರು. “ಕೇಳವ್ವಾ ನಮ್ಮ ಯಜಮಾನ್ರನ್ನ.”

ಆಗ ಹೇಳಲೇಬೇಕಾಯಿತು. ಹೇಳಿದ್ದೂ ಅರ್ಧವೇ. “ಬಾಗಿಲಾ ಹಾಕ್ಯಾರ್ರಿ ಕಾಕಾ. ಪದೇ ಪದೇ ಥ್ಯಾಂಕ್ಸ್ ಹಾಕಿದ್ದು ಅವರಿಗೆ ಸೇರಲಿಲ್ಲಂತ.”

ಅವರು ಕಂಪ್ಯೂಟರಿನ ಪರದೆಯತ್ತ ಬಾಗಿದರು. “ಉಪಕಾರ ನೆನದಿದ್ದಕ್ಕ?... ಅವರ ಪದ್ಧತಿ ನನಗ ಗೊತ್ತಾಗಲಿಲ್ಲೇನೋ. ತಪ್ಪಾತಂತ ಬರಿಯವ್ವಾ.”

ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆದು ತೆಲಿಗಿ ಮೋಟಾರಿನ ಎಣಿಕೆ ಕೇಳಿದೆ. ಹೊಸಬರ ಪ್ರಶ್ನೆಯನ್ನು ಫೋರಂನವರು ನೋಡಿ ಒಪ್ಪಿದ ಮೇಲೆಯೇ ಅದು ಎಲ್ಲರಿಗೂ ಕಾಣುವುದು. ಆರು ದಿನ ಹಿಡಿಯಿತು. ತೆಲಿಗಿಯ ಕೊಡಗಳು ಆರು ದಿನ ಕಾಯುವಂತಿರಲಿಲ್ಲ. ಕಾಕಾ ಎರಡು ದಿನ ಕಾದು, ಅಂದಾಜಿನ ಮೇಲೆ ಸುತ್ತಿ ಕೊಟ್ಟರು. ಮೂರನೇ ದಿನ ಅದು ಸುಟ್ಟಿತು. ತೆಲಿಗಿಯವರು ಬಂದು, ಬಜಾರಿನ ನಡುವೆ, “ಕಾಕಾಗ ಕಣ್ಣು ಮಂಜಾಗ್ಯಾವು, ಇನ್ನ ಸಾಕು ಮಾಡ್ಲಿ” ಎಂದು ಮೋಟಾರನ್ನು ಬೇರೆ ಊರಿಗೆ ಒಯ್ದರು. ಕಾಕಾ ಅವರ ಕಣ್ಣಿಗೆ ಏನೂ ಆಗಿರಲಿಲ್ಲ.

31ಕ್ಕೆ ಉತ್ತರ ಬಂತು. ಕಾಕಾ ಸುತ್ತಿದ್ದು ನಾಲ್ಕೇ ಸುತ್ತು ಕಡಿಮೆ. ಆಗಲೂ ಅವರು ಬಂದು ಕೂತರು. “ಉತ್ತರ ಕೊಟ್ಟಾರಲ್ಲ, ಬರಿ. ನಾಕು ಸುತ್ತು ಕಡಿಮಿ ಹಾಕಿದ್ದಕ್ಕ ಸುಟ್ಟೈತಿ, ತಪ್ಪು ನಂದು, ಮತ್ತೊಬ್ರು ಹಿಂಗ ಮಾಡಬ್ಯಾಡ್ರಿ ಅಂತ.” ಆ ಒಂದನ್ನು ನಾನು ಒಂದಕ್ಷರ ಬಿಡದೆ ಹಾಕಿದೆ.

ಅವರು ಹೋದ ಮೇಲೆ ಫೋರಂನವನ ಮೇಲೆ ಕೆಂಡವಾಗಿ, ಅವನ ನಿಯಮವನ್ನೇ ಎತ್ತಿ ಅವನಿಗೆ ಬೈದು ಬರೆಯಬೇಕೆಂದು ಆ ಎಚ್ಚರಿಕೆ ತೆಗೆದೆ. ಎರಡನೇ ಸಾಲು ಅಂದೇ ನಾನು ಓದಿದ್ದು. ‘ಹೇಳಿದಂತೆ ಮಾಡಿ ಏನಾಯಿತು ಎಂದು ಬರೆಯಿರಿ, ಮುಂದಿನವರಿಗೆ ಉಪಯೋಗವಾಗುತ್ತದೆ.’ ಕಾಕಾ ಪ್ರತಿ ಸಲ ಬರೆಸಿದ್ದು ಅದನ್ನೇ. ಇಂಗ್ಲಿಷ್ ಬಾರದ ಮನುಷ್ಯನಿಗೆ ಸಾರಿನ ಪಾತ್ರೆಯಿಂದ ಗೊತ್ತಿದ್ದ ನಿಯಮ, ಓದಲು ಬರುತ್ತಿದ್ದ ನನಗೆ ಗೊತ್ತಿರಲಿಲ್ಲ. ಅವರ ತುಂಬಿದ ಪಾತ್ರೆಗಳನ್ನು ದಾರಿಯಲ್ಲಿ ಚೆಲ್ಲಿ, ಖಾಲಿ ಮಾಡಿ ಕೊಟ್ಟವಳು ನಾನು. ಇದನ್ನು ಅವರಿಗೆ ಹೇಳಲಿಲ್ಲ. ನಾಳೆ, ನಾಡಿದ್ದು ಎಂದುಕೊಂಡೆ. ಅವರು ಸೆಂಟರಿಗೆ ಬರುವುದು ಕಡಿಮೆಯಾಯಿತು. ಮರುವರ್ಷ ಅಂಗಡಿ ಮುಚ್ಚಿತು...

ಗುರುವಾರ ಮಿಕ್ಸಿ ಆರಿಸಿದ ಮೇಲೆ ಫೋನಿನಲ್ಲಿ ಆ ಫೋರಂ ಹುಡುಕಿದೆ. ಇದೆ. ನನ್ನ 11 ಚುಟುಕು ಸಾಲುಗಳೂ ಇವೆ. ಅವುಗಳಲ್ಲಿ 7ರ ಕೆಳಗೆ ಉತ್ತರ ಕೊಟ್ಟವರು ಮತ್ತೆ ಕೇಳಿದ್ದಾರೆ: ಎಷ್ಟು ತಾಸು ಓಡಿತು? ಬಿಸಿ ಎಷ್ಟಾಯಿತು? ಅದರ ಕೆಳಗೆ, ಈ ಪ್ರಶ್ನೆಗೆ ಇನ್ನು ಯಾರೂ ಬರೆಯುವಂತಿಲ್ಲ ಎಂಬ ಸೂಚನೆ. ಏಳಕ್ಕೂ ಉತ್ತರ ನನ್ನ ಡೈರಿಯಲ್ಲಿದೆ, ಕಾಕಾ ಮಾತಿನಲ್ಲಿ. ಜೂನ್ 14: ‘ಐದು ತಾಸು ಓಡೈತ್ರಿ. ಅಂಗೈ ತಡಕೊಳ್ಳುವಷ್ಟು ಬಿಸಿ. ನಿಮ್ಮ ಹೊಟ್ಟಿ ತಣ್ಣಗಿರಲಿ.’

ಮಿಕ್ಸಿ ಮತ್ತೆ ಹಾಕಿ ಚಟ್ನಿ ಮುಗಿಸಿ, ಅದರ ಮೈಮೇಲೆ ಅಂಗೈ ಇಟ್ಟು ಹತ್ತು ಎಣಿಸಿದೆ. ಮರುದಿನ ಹರಪನಹಳ್ಳಿಯ ಆ ಅಂಗಡಿಗೆ ಹೋದೆ.

“ಏನಾತ್ರಿ ಅಕ್ಕಾ, ಮತ್ತೆ ಕೆಟ್ಟೈತೇನು?”

“ಇಲ್ಲಪ್ಪ. ಚೊಲೋ ಓಡಾಕತ್ತೈತಿ, ಬಿಸಿ ಆಗವಲ್ದು. ಹೇಳಿ ಹೋಗಾಕ ಬಂದೆ.”

ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. “ಹಿಂಗ ಹೇಳಾಕ ಬರೋರು ನಮ್ಮ ಲೈನಿನಾಗ ಒಬ್ರ ಇದ್ರು ನೋಡ್ರಿ, ಕೊಟ್ಟೂರಿನ ಕಾಕಾ. ಹ್ವಾದ ವರ್ಷ ತೀರಿಕೊಂಡ್ರು.”

ನನ್ನ ಡೈರಿಯಲ್ಲಿ ಎಲ್ಲಕ್ಕೂ ತಾರೀಖು ಇದೆ. ಕಾಕಾ ತೀರಿಕೊಂಡದ್ದಕ್ಕಿಲ್ಲ. ಯಾವ ದಿನ ಎಂದು ಕೇಳಲು ನನಗೆ ಮುಖವಿರಲಿಲ್ಲ.