ಕದಿರಯ್ಯನ ಸ್ಕ್ರೂ, ಈಶ್ವರಮ್ಮನ ಕಿವಿ

ಹೊಳವನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕದಿರಯ್ಯನ ಮನೆ. ಜಗಲಿಯೇ ಅಂಗಡಿ. ಮರ ಕೊಯ್ಯುವ ಮೆಷಿನ್ ರಿಪೇರಿಯಲ್ಲಿ ಕೊರಟಗೆರೆ ಸೀಮೆಗೆಲ್ಲ ಅವನೇ ದೊಡ್ಡವನು. ಹಾಗೆಂದು ಅವನೇ ಹೇಳುತ್ತಾನೆ. ಚನ್ನರಾಯನದುರ್ಗದಿಂದ, ಶಿರಾದಿಂದಲೂ ಮೆಷಿನ್ನುಗಳು ಗೋಣಿಚೀಲದಲ್ಲಿ ಮಲಗಿಕೊಂಡು ಬರುತ್ತವೆ. ಅವನು ಕಾರ್ಬೊರೇಟರ್ ಬಿಚ್ಚಿ, ಹೊಟ್ಟು ಕಟ್ಟಿಕೊಂಡ ಪುಟ್ಟ ಜರಡಿ ತೊಳೆದು, ಸೆಟೆದುಹೋದ ರಬ್ಬರ್ ಪೊರೆ ಕಿತ್ತು ಹೊಸದನ್ನು ಕೂರಿಸುತ್ತಾನೆ. ಅಷ್ಟನ್ನು ಕೈ ಪಳಗಿದ ಯಾರಾದರೂ ಮಾಡಿಯಾರು. ಕೊನೆಗೆ ಮೆಷಿನ್ ಪೂರ್ತಿ ರೇಸ್ ಮಾಡಿ, ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುವ ಸ್ಕ್ರೂವನ್ನು ಸದ್ದು ಕೇಳುತ್ತಲೇ ತಿರುಗಿಸಬೇಕು. ಕದಿರಯ್ಯ ಹೆಸರು ಮಾಡಿದ್ದು ಅಲ್ಲಿ.

ಮೂವತ್ತು ವರ್ಷ ಅದೇ ಸದ್ದಿಗೆ ಒಡ್ಡಿದ ಕಿವಿ ಮಂದವಾಗತೊಡಗಿತು. ಒಪ್ಪಿಕೊಳ್ಳುವ ಆಸಾಮಿಯಲ್ಲ. ಹೆಂಡತಿ ಈಶ್ವರಮ್ಮ "ಬೆಲ್ಲ ತಂದ್ಯೇನಯ್ಯ?" ಎಂದರೆ, "ಎಲ್ಲ ತಂದಿವ್ನಿ" ಎಂದು ಗತ್ತಿನಿಂದ ಚೀಲ ಕೊಡುತ್ತಿದ್ದ. ಬೆಲ್ಲವೊಂದು ಬಿಟ್ಟು ಎಲ್ಲವೂ ಇರುತ್ತಿತ್ತು.

ಒಂದು ದಿನ ಮರ ಕಡಿಯುವ ಭೀಮರಾಜು ತನ್ನ ಮೆಷಿನ್ ತಂದು ಜಗಲಿಗೆ ಕುಕ್ಕಿದ.

"ಏನಣ್ಣ ಇಂಗೆ ಮಾಡಿದ್ದೀಯ? ನೀನು ಕೊಟ್ಟ ಮಾರ್ನೆ ದಿನಕ್ಕೇ ಪಿಸ್ಟನ್ ಹಿಡ್ಕಂಡೈತೆ!"

ಕದಿರಯ್ಯ ಬಿಚ್ಚಿ ನೋಡಿದ. ಪಿಸ್ಟನ್ನಿನ ಮೈತುಂಬ ಗೀರು. ಪೆಟ್ರೋಲೂ ಅದರೊಳಗಿನ ಆಯಿಲೂ ಸಾಲದೆ ಎಂಜಿನ್ ಬೆಂದುಹೋಗಿತ್ತು. ಸ್ಕ್ರೂ ಅಷ್ಟು ಬಿಗಿ ಮಾಡಿದವನು ತಾನೇ. "ಹೊಸ ಪಿಸ್ಟನ್ ನಾನೇ ಹಾಕ್ಕೊಡ್ತೀನಿ ಬುಡು" ಎಂದಷ್ಟೇ ಹೇಳಿ, ಎರಡು ದಿನ ಯಾವ ಮೆಷಿನ್ನನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ಭೀಮರಾಜುವಿನ ಎದುರಿಗೇ ಮೆಷಿನ್ ಜೋಡಿಸಿ ರೇಸ್ ಮಾಡಿದಾಗ, ಈಶ್ವರಮ್ಮ ಮುದ್ದೆ ಕೋಲು ಹಿಡಿದೇ ಹೊರಗೆ ಬಂದಳು. ಅವಳ ಮುಖ ನೋಡಿ ಅವನು ಮೆಷಿನ್ ನಿಲ್ಲಿಸಿದ.

"ಅದು ಸೊಳ್ಳೆ ಕೂಗ್ದಂಗೆ ಕಿರುಚ್ತೈತೆ ಕಣಯ್ಯ! ಮುದ್ದೆ ಎಸ್ರು ಕುದ್ದಂಗೆ ಗುಡುಗುಡು ಅನ್ಬೇಕು" ಎಂದು ಕೂಗಿ ಹೇಳಿದಳು.

"ನಿಂಗೇನೇ ಗೊತ್ತು?"

"ಮೂವತ್ತು ವರ್ಸದಿಂದ ನನ್ನ ಒಲೆ ಮುಂದೇನೇ ತಾನೆ ನೀನು ಇದನ್ನ ಅರಚಿಸ್ತಿರಾದು? ಸ್ಕ್ರೂ ಒಂಚೂರು ಬಿಚ್ಚು."

ಅವನು ಮತ್ತೆ ರೇಸ್ ಮಾಡಿ ಬಿಚ್ಚಿದ. ಅವಳು ಕೋಲಾಡಿಸಿ ಇನ್ನೊಂಚೂರು ಎಂದಳು. ಆಮೇಲೆ ಅಂಗೈ ತೋರಿಸಿ ಸಾಕೆಂದಳು. ಭೀಮರಾಜು ಜಾಲಿ ದಿಮ್ಮಿಗೆ ಇಟ್ಟು ನೋಡಿದ. ಬಾಳೆದಿಂಡು ಕೊಯ್ದಷ್ಟು ಸಲೀಸು.

"ಮೇಸ್ತ್ರಿ ನೀನೇ ಕಣಕ್ಕ!"

ಕದಿರಯ್ಯನಿಗೆ ನಾಚಿಕೆಯೂ ಆಯಿತು, ಎದೆಯ ಭಾರವೂ ಇಳಿಯಿತು. ಮೊದಲ ಸಲ ಬಾಯಿಬಿಟ್ಟು, "ಕಿವಿ ಸರಿಯಾಗಿ ಕೇಳಾಕಿಲ್ಲ ಕಣೇ" ಎಂದ.

"ಊರಿಗೆಲ್ಲ ಗೊತ್ತು" ಎಂದು ಅವಳು ಮುದ್ದೆ ತಿರುವಲು ಒಳಗೆ ಹೋದಳು.

ಈಗ ಗಿರಾಕಿಗಳು ಮೊದಲು ಅಕ್ಕ ಮನೆಯಲ್ಲಿದ್ದಾಳೆಯೇ ಎಂದು ನೋಡುತ್ತಾರೆ. ಕಳೆದ ಯುಗಾದಿ ಆದಮೇಲೆ ಅವಳು ಮಗಳು ಚಿತ್ರಾಳ ಬಾಣಂತನಕ್ಕೆ ಮಧುಗಿರಿಗೆ ಹೋದಳು. ಮೆಷಿನ್ನುಗಳು ಸಾಲಾಗಿ ಕಾದವು. "ಸಾಮಾನು ಬಂದಿಲ್ಲ" ಎಂದು ಕದಿರಯ್ಯ ನಾಲ್ಕು ದಿನ ತಳ್ಳಿದ. ಐದನೆಯ ದಿನ ಭೀಮರಾಜು ತಾಳಲಾರದೆ ಅವಳಿಗೆ ಫೋನ್ ಮಾಡಿ, ಅಬ್ಬರಿಸುತ್ತಿದ್ದ ಮೆಷಿನ್ ಮುಂದೆ ಹಿಡಿದ. ಸದ್ದು ನಿಂತ ಮೇಲೆ ಆ ಕಡೆಯಿಂದ ಕೂಸಿನ ಅಳುವೂ ಈಶ್ವರಮ್ಮನ ದನಿಯೂ ಒಟ್ಟಿಗೆ ಬಂದವು.

"ಕೂಸು ಎದ್ಬುಡ್ತು ನೋಡಪ್ಪ! ಸ್ಕ್ರೂ ಕಾಲು ಸುತ್ತು ಬಿಚ್ಚಕ್ಕೆ ಹೇಳು ಅವ್ನಿಗೆ."

ಭೀಮರಾಜು ಬೆರಳು ತಿರುಗಿಸಿ ತೋರಿಸಿದ. ತನಗೂ ಅದೇ ಅನ್ನಿಸಿತ್ತು ಎಂಬಂತೆ ಕದಿರಯ್ಯ ತಲೆಯಾಡಿಸಿ, ಸ್ಕ್ರೂಡ್ರೈವರ್ ಎತ್ತಿಕೊಂಡ.